ಹದಿನಾಲ್ಕನೇ ಚೀಟಿ

"ಬಲಗೈ," ಎಂದರು ವಿದೊಸಾವಾ, ಮುಂದಿದ್ದ ಪಟ್ಟಿಯಿಂದ ತಲೆ ಎತ್ತದೆ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರ ಮೌಖಿಕ ಪರೀಕ್ಷೆ ಮೂವತ್ತು ವರ್ಷದಿಂದ ಹೀಗೇ ಶುರುವಾಗುತ್ತಿತ್ತು. ಒಳಗೆ ಕಾಲಿಟ್ಟವರು ಹೆಸರು ಹೇಳುವುದಕ್ಕೂ ಮೊದಲು ಬಲಗೈ ಎತ್ತಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಒಂದಕ್ಕೊಂದು ಅಡ್ಡವಾಗಿ ಚಾಚಿ ತೋರಿಸಬೇಕು. ತೋರುಬೆರಳು ಮೊದಲನೆಯ ಸದಿಶ, ಎಂದರೆ ವೆಕ್ಟರ್, ನಡುಬೆರಳು ಎರಡನೆಯದು. ಎರಡನ್ನೂ ಅಡ್ಡ ಗುಣಿಸಿದರೆ ಹುಟ್ಟುವ ಮೂರನೆಯದು ಹೆಬ್ಬೆರಳು ತೋರಿದ ದಿಕ್ಕಿಗೆ. ನಮ್ಮ ಜನರಿಗೆ ಈ ಮೂರು ಬೆರಳು ಎತ್ತುವುದನ್ನು ಕಲಿಸಬೇಕಾಗಿಲ್ಲ, ನಮ್ಮ ನಾಡಿನಲ್ಲಿ ಅದು ಗೆಲುವಿನ ಗುರುತು. ಮದುವೆಯಲ್ಲಿ, ಫುಟ್‌ಬಾಲ್ ಮೈದಾನದಲ್ಲಿ, ಚುನಾವಣೆ ಗೆದ್ದ ರಾತ್ರಿ ಎಲ್ಲರೂ ಎತ್ತುವುದು ಅದನ್ನೇ. ಹಾಗೆ ಎತ್ತಿದವರಿಗೆ ವಿದೊಸಾವಾ, "ಇದು ಮೆರವಣಿಗೆ ಅಲ್ಲಪ್ಪಾ, ಬೆರಳು ಸರಿಯಾಗಿ ಬಿಡ್ಸು" ಎನ್ನುತ್ತಿದ್ದರು. ಎಡಗೈ ಎತ್ತಿದವರಿಗೆ ಮಾತೇ ಇಲ್ಲ, ಬಾಗಿಲು ತೋರಿಸುತ್ತಿದ್ದರು. ಬಲಗೈಯಲ್ಲಿ ಸೀಮೆಸುಣ್ಣವೋ ಪೆನ್ನೋ ಇರುತ್ತದಲ್ಲ, ಅದನ್ನು ಕೆಳಗಿಡುವ ಸೋಮಾರಿತನಕ್ಕೆ ಖಾಲಿಯಿರುವ ಎಡಗೈಯಿಂದಲೇ ದಿಕ್ಕು ನೋಡಿಬಿಡುತ್ತಾರೆ, ಪ್ಲಸ್ಸು ಹೋಗಿ ಮೈನಸ್ಸಾಗುತ್ತದೆ, ಮುಂದೊಂದು ದಿನ ಸೇತುವೆ ಬೀಳುತ್ತದೆ ಎಂಬುದು ಅವರ ವಾದ. ಕಾರಿಡಾರಿನಲ್ಲಿ ಹುಡುಗರು ಅವರನ್ನು ಬಲಗೈಯಮ್ಮ ಎಂದು ಕರೆಯುತ್ತಿದ್ದುದು ಅವರಿಗೂ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು ಎನ್ನಿ.

ಈಗ ಎದುರಿಗೆ ನಿಂತವನು ಎತ್ತಿದ್ದು ಎಡಗೈ.

ಪಕ್ಕದಲ್ಲಿ ಕುಳಿತಿದ್ದ ಸಹಾಯಕಿ ಕೊಸಾರಾ ಮೆಲ್ಲಗೆ ಕೆಮ್ಮಿದಳು. ವಿದೊಸಾವಾ ಕಣ್ಣಂಚಿನಲ್ಲಿ ನೋಡಿ ಪುಟ ತಿರುವಿದರು. "ಎಡಗೈ ಎತ್ತಿದೋರಿಗೆ ಮುಂದಿನ ಸಲ. ನಡಿ."

"ನಂಗೆ ಮುಂದಿನ ಸಲ ಅನ್ನೋದಿಲ್ಲ ಮೇಡಂ."

ದನಿ ಹುಡುಗನದಲ್ಲ. ವಿದೊಸಾವಾ ತಲೆ ಎತ್ತಿದರು. ನಲವತ್ತು ದಾಟಿದ ಗಂಡಸು, ಕಿವಿಯ ಮೇಲೆ ಬೆಳ್ಳಗಾದ ಕೂದಲು, ಲಿಫ್ಟ್ ರಿಪೇರಿ ಕಂಪನಿಯ ನೀಲಿ ಅಂಗಿ. ಮೇಜಿನ ಮೇಲೆ ಅವನಿಟ್ಟಿದ್ದ ಅಂಕಪುಸ್ತಕದ ರಟ್ಟಿನ ಮೇಲೆ ಈಗ ಯಾವ ಭೂಪಟದಲ್ಲೂ ಇಲ್ಲದ ದೇಶದ ಹೆಸರಿತ್ತು. ಆಗ ಅವರಿಗೆ ನೆನಪಾಯಿತು. ಹಳೆಯ ಪದ್ಧತಿಯಲ್ಲಿ ಓದಿ ಅರ್ಧಕ್ಕೆ ಬಿಟ್ಟವರಿಗೆ ಸರ್ಕಾರ ವರ್ಷ ವರ್ಷವೂ ಗಡುವು ಮುಂದೂಡುತ್ತಾ ಬಂದಿತ್ತು. ಈ ವರ್ಷ ಇನ್ನು ಮುಂದೂಡುವುದಿಲ್ಲ ಎಂದುಬಿಟ್ಟಿತ್ತು. ಕಾಲೇಜಿನಲ್ಲಿ ಅಂಥವನು ಉಳಿದಿದ್ದವನು ಒಬ್ಬನೇ. ಅವನಿಗೆ ಬಾಕಿಯಿದ್ದದ್ದೂ ಒಂದೇ ವಿಷಯ. ಕೊನೆಯ ದಿನವೂ ಇವತ್ತೇ. ಇವತ್ತು ಪಾಸಾಗದಿದ್ದರೆ ಅವನು ಪಾಸು ಮಾಡಿದ ಉಳಿದ ಮೂವತ್ತೊಂದು ಪರೀಕ್ಷೆಗಳೂ ಕಸದ ಬುಟ್ಟಿಗೆ.

"ತಿಹೊಮಿರ್ ಅಲ್ವಾ? ಬಲಗೈ ಎತ್ತೋದಕ್ಕೇನು ಕಷ್ಟ?"

ತಿಹೊಮಿರ್ ಪ್ಯಾಂಟಿನ ಜೇಬಿನಿಂದ ಬಲಗೈ ತೆಗೆದು ಎತ್ತಿದ. ಹೆಬ್ಬೆರಳಿರಲಿಲ್ಲ. ತೋರುಬೆರಳೂ ಇರಲಿಲ್ಲ. ಅವೆರಡರ ಜಾಗದಲ್ಲಿ ನುಣ್ಣಗೆ ಹೊಳೆಯುವ ಚರ್ಮ.

ಕೊಸಾರಾಳ ಕೈಯಲ್ಲಿದ್ದ ಕಾಫಿ ಲೋಟ ತಟ್ಟೆಗೆ ತಗುಲಿ ಸದ್ದಾಯಿತು. ಕ್ಷಮೆ ಕೇಳಿ ವಿದೊಸಾವಾಗೆ ಅಭ್ಯಾಸವಿರಲಿಲ್ಲ. "ಏನಾಯ್ತು?" ಎಂದಷ್ಟೇ ಕೇಳಿದರು.

"ತಗಡು ಒತ್ತೋ ಮಿಷನ್ನು. ನಿದ್ದೆಗಣ್ಣಲ್ಲಿದ್ದೆ, ತಪ್ಪು ನಂದೇ."

"ಯಾವಾಗ?"

"ಇಲ್ಲಿಂದ ಹೋದ ಮೊದಲನೇ ಚಳಿಗಾಲ. ಇಪ್ಪತ್ತೊಂದು ವರ್ಷ ಆಯ್ತು. ಬಿಡಿ, ಎಡಗೈಲಿ ಚೆನ್ನಾಗೇ ಬರೀತೀನಿ ಈಗ."

ಇವನ ಮುಖ ನೆನಪಿಗೆ ಬರಲಿಲ್ಲ. ವರ್ಷಕ್ಕೆ ಮುನ್ನೂರು ಮುಖ, ಹೇಗೆ ಬಂದೀತು? ವಿದೊಸಾವಾ ಹಳೆಯ ಚೀಟಿಗಳಿದ್ದ ಬಿಸ್ಕತ್ತಿನ ಡಬ್ಬಿಯನ್ನು ಅವನ ಮುಂದೆ ತಳ್ಳಿದರು. ರಟ್ಟಿನ ನಲವತ್ತು ತುಂಡುಗಳು. ಒಂದೊಂದರ ಮೇಲೂ ಪ್ರೊಫೆಸರ್ ಸ್ತಾನೊಯೆ ಸ್ವತಃ ಟೈಪ್ ಮಾಡಿದ ಒಂದೊಂದು ಪ್ರಶ್ನೆ. ವಿದೊಸಾವಾಗೆ ಸದಿಶಗಳನ್ನು ಕಲಿಸಿದವರು ಆ ಸ್ತಾನೊಯೆ. ಅವರ ಪಾಠದ ಪುಸ್ತಕವನ್ನು ಓದದ ಎಂಜಿನಿಯರು ಈ ಊರಿನಲ್ಲಿಲ್ಲ. ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕಪ್ಪು ಹಲಗೆಯ ಪಕ್ಕದಲ್ಲಿ ಅವರ ಫೋಟೋ ಇತ್ತು, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೈಯಲ್ಲಿ ಮೂರು ಬೆರಳು ಬಿಡಿಸಿ ಏನನ್ನೋ ವಿವರಿಸುತ್ತಿರುವ ಭಂಗಿಯಲ್ಲಿ. ಇನ್ನು ಮೂರು ತಿಂಗಳಲ್ಲಿ ವಿದೊಸಾವಾ ನಿವೃತ್ತರಾಗುವವರಿದ್ದರು. ಅಷ್ಟರಲ್ಲಿ ಈ ಕೋಣೆಗೆ ಗುರುಗಳ ಹೆಸರಿಡಿಸಬೇಕೆಂದು ಓಡಾಡಿ, ಹಿತ್ತಾಳೆ ಫಲಕವನ್ನೂ ಮಾಡಿಸಿ ತರಿಸಿದ್ದರು. ಅದು ಕಾಗದ ಸುತ್ತಿಸಿಕೊಂಡು ಕಿಟಕಿಯ ಕೆಳಗೆ ಒರಗಿ ನಿಂತಿತ್ತು.

ತಿಹೊಮಿರ್ ಡಬ್ಬಿಗೆ ಕೈ ಹಾಕಿದವನು ಕಣ್ಣು ಮುಚ್ಚಲಿಲ್ಲ. ಒಂದೊಂದೇ ರಟ್ಟನ್ನು ಸರಿಸುತ್ತಾ ಹೋಗಿ, ಮೂಲೆಯಲ್ಲಿ ಸಿಗರೇಟಿನ ಕಿಡಿ ತಾಗಿ ಕಂದಾಗಿದ್ದ ಒಂದನ್ನು ಎತ್ತಿಕೊಂಡ.

"ಆರಿಸ್ಕೊಳ್ಳೋ ಹಾಗಿಲ್ಲ," ಎಂದಳು ಕೊಸಾರಾ.

"ಬಿಡಿ ತಾಯಿ. ಇದು ಒಂದ್ಸಲ ನಂಗೆ ತಾನಾಗೇ ಬಂದಿತ್ತು. ಅರ್ಧಕ್ಕೆ ನಿಂತಿತ್ತು, ಮುಗಿಸ್ತೀನಿ." ಅವನು ಚೀಟಿಯನ್ನು ಮೇಜಿನ ಮೇಲೆ ಇಟ್ಟ. ಹದಿನಾಲ್ಕು.

ಚೀಟಿಯಲ್ಲಿದ್ದದ್ದು ಇಷ್ಟು. ಎ, ಬಿ ಎಂಬ ಎರಡು ಸದಿಶಗಳನ್ನು ಅಡ್ಡ ಗುಣಿಸಿ, ಬಂದದ್ದನ್ನು ಸಿ ಎಂಬ ಮೂರನೆಯದರೊಂದಿಗೆ ಮತ್ತೆ ಅಡ್ಡ ಗುಣಿಸಿದರೆ ಎರಡು ಪದಗಳ ವ್ಯತ್ಯಾಸ ಸಿಗುತ್ತದೆ, ಮೊದಲನೆಯದು ಎ ದಿಕ್ಕಿನದು, ಅದರಲ್ಲಿ ಕಳೆಯಬೇಕಾದದ್ದು ಬಿ ದಿಕ್ಕಿನದು. ಇದನ್ನು ಘಟಕಗಳಾಗಿ ಒಡೆದು, ಒಂದಕ್ಕೊಂದು ಅಡ್ಡವಾಗಿ ನಿಂತ ಐ, ಜೆ, ಕೆ ಎಂಬ ಏಕಸದಿಶಗಳ ಮೂಲಕ ಸಾಧಿಸಿ. ಹಳೆಯ ಚೀಟಿಗಳಲ್ಲೇ ಸುಲಭದ್ದು ಎಂದು ಇದಕ್ಕೆ ಹೆಸರು. ಪುಸ್ತಕದ ಅರವತ್ತೊಂದನೇ ಪುಟದ ಎಂಟು ಸಾಲು ಬಾಯಿಪಾಠವಿದ್ದರೆ ಸಾಕು, ಹತ್ತಕ್ಕೆ ಹತ್ತು. ಸುಲಭದ್ದನ್ನೇ ಹುಡುಕಿ ತೆಗೆದಿದ್ದಾನೆ ಎಂದುಕೊಂಡರು ವಿದೊಸಾವಾ. ತೆಗೆದರೆ ತೆಗೆಯಲಿ, ಆ ಕೈ ನೋಡಿದ ಮೇಲೆ ಅವರೂ ಸ್ವಲ್ಪ ಮೆತ್ತಗಾಗಿದ್ದರು. ಎಂಟು ಸಾಲು ಬರೆಯಲಿ, ಆರು ಅಂಕ ಹಾಕಿ ಪಾಸು ಮಾಡಿ ಕಳಿಸೋಣ.

ತಿಹೊಮಿರ್ ತಯಾರಿಗೆ ಸಮಯ ಕೇಳಲಿಲ್ಲ. ನೇರ ಹಲಗೆಯ ಹತ್ತಿರ ಹೋಗಿ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದ. ಅಕ್ಷರ ಸ್ವಲ್ಪ ಹಿಂದಕ್ಕೆ ವಾಲುತ್ತಿದ್ದವು, ಆದರೆ ಶುದ್ಧವಾಗಿದ್ದವು. ಎಯನ್ನು ಐ ಉದ್ದಕ್ಕೆ ಮಲಗಿಸಿದ. ಬಿಯನ್ನು ಐ-ಜೆಗಳ ನೆಲದ ಮೇಲೆ ಇಟ್ಟ. ಸಿಗೆ ಮೂರು ಘಟಕಗಳನ್ನೂ ಕೊಟ್ಟ. ನಾಲ್ಕನೇ ಸಾಲಿಗೆ ಮೊದಲ ಗುಣಾಕಾರ ಮುಗಿದು ಕೆ ಬಂತು. ಐದನೇ ಸಾಲಿನ ಮುಂದೆ ನಿಂತು ಒಮ್ಮೆ ತಿರುಗಿ ವಿದೊಸಾವಾರ ಮುಖ ನೋಡಿದ. ಆಮೇಲೆ ಬರೆದು ಮುಗಿಸಿದ.

"ಚಿಹ್ನೆ ತಿರುಗಿದೆ," ಎಂದರು ವಿದೊಸಾವಾ ತಕ್ಷಣ. ಅವರ ಕಣ್ಣು ಮೊದಲು ಓಡುವುದು ಕೊನೆಯ ಸಾಲಿಗೆ. "ಚೀಟೀಲಿ ಎ ಮೊದಲು, ಅದರಲ್ಲಿ ಬಿ ಕಳೀಬೇಕು. ನಿಂದು ಬಿ ಮೊದಲು ಬಂದಿದೆ. ಪೂರ್ತಿ ಉಲ್ಟಾ. ಐದನೇ ಸಾಲಲ್ಲಿ ಎಡವಿದೀಯ. ಪರ್ವಾಗಿಲ್ಲ, ಕೈಯಿಂದ ನೋಡೋಕಾಗಲ್ಲ ನಿಂಗೆ, ನಂಗರ್ಥ ಆಗುತ್ತೆ. ಅಳಿಸಿ ಸರಿಮಾಡು, ಆರು ಹಾಕ್ತೀನಿ."

"ಆಗ್ಲೂ ಇದೇ ಮಾತು ಹೇಳಿದ್ರಿ," ಎಂದ ತಿಹೊಮಿರ್. "ಆರು ಹಾಕ್ತೀನಿ ಅನ್ನಲಿಲ್ಲ, ಅಷ್ಟೇ."

"ಯಾವಾಗ?"

"ಇಪ್ಪತ್ತೊಂದು ವರ್ಷದ ಕೆಳಗೆ. ನಮ್ಮ ಬ್ಯಾಚಿಗೆ ಪ್ರೊಫೆಸರ್ ಸ್ತಾನೊಯೆ ಕೂರ್ಬೇಕಿತ್ತು, ಹುಷಾರಿರಲಿಲ್ಲ, ನೀವು ಕೂತಿದ್ರಿ. ಇದೇ ಹಲಗೆ. ಇದೇ ಐದನೇ ಸಾಲು. ನಂಗೆ ಉಲ್ಟಾ ಬರ್ತಿದೆ ಮೇಡಂ, ಚೀಟೀಲಿ ಇರೋ ಥರ ಬರ್ತಿಲ್ಲ ಅಂದೆ. ನೀನು ಎಡಗೈಲಿ ನೋಡಿದೀಯ, ಮುಂದಿನ ಸಲ ಬಾ ಅಂದ್ರಿ. ಬಲಗೈಲೇ ನೋಡಿದ್ದೆ. ಆಗ ಎಲ್ಲಾ ಬೆರಳೂ ಇದ್ವಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ವಿದೊಸಾವಾಗೆ ಕಿರಿಕಿರಿಯಾಯಿತು. "ಸಾವಿರ ಜನ ಸಾಧಿಸಿದ್ದು ನಿಂಗೊಬ್ಬಂಗೆ ಉಲ್ಟಾ ಬಂದ್ರೆ ತಪ್ಪು ಯಾರ್ದು ಅಂತೀಯ?"

"ನಾನೇನೂ ಅನ್ನಲ್ಲ. ಬೆರಳಿಲ್ದೋನಿಗೆ ಘಟಕಗಳೇ ಗತಿ ಮೇಡಂ, ಅವಕ್ಕೆ ಕೈ ಬೇಕಿಲ್ಲ. ಇಷ್ಟುದ್ದ ಯಾಕೆ, ಎ ಜಾಗಕ್ಕೆ ಐ ಹಾಕಿ. ಬಿ ಜಾಗಕ್ಕೆ ಜೆ. ಸಿ ಜಾಗಕ್ಕೆ ಮತ್ತೆ ಐ. ಇನ್ನೇನೂ ಬೇಡ. ನಿಮ್ಮ ಕೈಲೇ ನೋಡ್ಕೊಳ್ಳಿ."

ಇದೆಂಥ ಆಟ ಎಂದು ವಿದೊಸಾವಾ ಪೆನ್ನು ಕೆಳಗಿಟ್ಟರು. ಇಡಬೇಕಲ್ಲ, ಅವರದೇ ನಿಯಮ. ಬಲಗೈ ಎತ್ತಿದರು. ತೋರುಬೆರಳು ಐ, ನಡುಬೆರಳು ಜೆ; ಹೆಬ್ಬೆರಳು ಮೇಲಕ್ಕೆ, ಕೆ. ಸರಿ. ಈಗ ತೋರುಬೆರಳು ಕೆ, ನಡುಬೆರಳು ಐ. ಮಣಿಕಟ್ಟು ತಿರುಗಿಸಿದರು. ಹೆಬ್ಬೆರಳು ಜೆ ಕಡೆಗೆ ನಿಂತಿತು. ಎಡಬದಿ ಜೆ ಆಯಿತು. ಚೀಟಿಯ ಬಲಬದಿಗೆ ಅದೇ ಐ, ಜೆ, ಐ ಹಾಕಿದರು. ಮೊದಲ ಪದ ಸೊನ್ನೆ. ಎರಡನೆಯದು ಜೆ. ಮುಂದೆ ಮೈನಸ್ಸು.

ಒಂದು ಕಡೆ ಜೆ, ಇನ್ನೊಂದು ಕಡೆ ಮೈನಸ್ ಜೆ.

ಅವರು ಮತ್ತೆ ಕೈ ತಿರುಗಿಸಿದರು. ಮೊದಲ ಬೆಂಚಿನ ಮೊದಲ ಹುಡುಗ ಮೊದಲ ದಿನವೇ ಮಾಡಿ ನೋಡಬಹುದಾದ ಲೆಕ್ಕ. ಮೂರನೇ ಸಲ ತಿರುಗಿಸಿದಾಗಲೂ ಅದೇ ಬಂತು. ಮೇಜಿನ ಅಂಚು ಹಿಡಿದುಕೊಂಡರು. ಹೊಸ ಪದ್ಧತಿ ಬಂದ ಮೇಲೆ ಅವರು ಪಾಠ ಮಾಡುತ್ತಿದ್ದುದು ಈ ಸೂತ್ರದ ಇನ್ನೊಂದು ರೂಪವನ್ನು. ಅದು ಸರಿಯಾಗಿಯೇ ಇತ್ತು. ಈ ಹದಿನಾಲ್ಕನ್ನು ಅವರು ಒಂದು ಸಲವಾದರೂ ತಾವೇ ಮಾಡಿ ನೋಡಿದ್ದರಾ? ಇಲ್ಲ, ನೋಡಿರಲಿಲ್ಲ. ಗುರುಗಳು ಬರೆದಿದ್ದಾರೆ ಎಂದಮೇಲೆ ನೋಡುವುದೇನಿದೆ?

"ಟೈಪಿಂಗ್ ತಪ್ಪು," ಎಂದರು. "ಚೀಟೀಲಿ ಟೈಪಿಂಗ್ ತಪ್ಪಾಗಿದೆ. ಪುಸ್ತಕದಲ್ಲಿ ಸರಿ ಇರುತ್ತೆ. ಕೊಸಾರಾ, ಆ ಕಪಾಟಿಂದ ಪುಸ್ತಕ ಕೊಡು."

ಮಾಸಲು ಹಸಿರು ರಟ್ಟಿನ ಪುಸ್ತಕ ಬಂತು. ಅರವತ್ತೊಂದನೇ ಪುಟ. ಒಂದು, ಎರಡು, ಮೂರು, ನಾಲ್ಕು ಸಾಲು ಹಲಗೆಯ ಮೇಲಿದ್ದಂತೆಯೇ. ಐದನೇ ಸಾಲಿನಲ್ಲಿ, ಗುರುಗಳ ಕೈಬರಹದಲ್ಲೇ ಅಚ್ಚಾಗಿದ್ದ ಸಾಲಿನಲ್ಲಿ, ಕೆಯನ್ನು ಐಯಿಂದ ಗುಣಿಸಿ ಮೈನಸ್ ಜೆ ಎಂದು ಬರೆದಿತ್ತು. ಕೆಯನ್ನು ಜೆಯಿಂದ ಗುಣಿಸಿದ್ದೂ ಅದೇ ಥರ ಉಲ್ಟಾ. ಎರಡೂ ಎಡಗೈಯ ಲೆಕ್ಕ. ಅಲ್ಲಿಂದ ಕೆಳಗಿನ ಸಾಲುಗಳು ಒಂದಕ್ಕೊಂದು ಚೆಂದವಾಗಿ ಹೊಂದಿಕೊಂಡು ಚೀಟಿಯ ಸುಳ್ಳಿಗೆ ಬಂದು ಸೇರಿದ್ದವು. ವಿದೊಸಾವಾ ಪುಟ ಹಿಂದಕ್ಕೆ ತಿರುವಿದರು. ಮೊದಲ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಕರಡು ಪರಿಶೀಲನೆ, ಅದರ ಮುಂದೆ ಅವರದೇ ಹೆಸರು. ಆ ಹೆಸರು ಅಚ್ಚಾದ ದಿನ ಅವರು ಮನೆಗೆ ಕೇಕು ಕೊಂಡೊಯ್ದಿದ್ದರು.

ತಲೆ ಎತ್ತಿದಾಗ ಫೋಟೋ ಕಂಡಿತು. ಸ್ತಾನೊಯೆ ಅವರ ಬಲಗೈಯಲ್ಲಿ ಸಿಗರೇಟು. ಗಾಳಿಯಲ್ಲಿ ಮೂರು ಬೆರಳು ಬಿಡಿಸಿದ್ದ ಕೈ ಎಡಗೈ. ಹನ್ನೆರಡು ವರ್ಷದಿಂದ ದಿನಾ ಅದರ ಧೂಳು ಒರೆಸುತ್ತಿದ್ದವರು ಇವರೇ.

"ಇಷ್ಟು ಜನ..." ಎಂದರು ವಿದೊಸಾವಾ ಯಾರಿಗೂ ಅಲ್ಲದಂತೆ. "ಇಷ್ಟು ಜನ ಇದನ್ನ ಬರ್ದು ಹೋದ್ರಲ್ಲ. ಒಬ್ಬರಾದ್ರೂ ಹೇಳಬಾರದಿತ್ತಾ?"

ಕೊಸಾರಾ ಕಾಫಿ ಲೋಟವನ್ನು ತಟ್ಟೆಯ ಮೇಲೆ ಸುಮ್ಮನೆ ತಿರುಗಿಸುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. "ಮೇಡಂ, ನಮ್ಮಪ್ಪ ಇಲ್ಲೇ ಓದಿದ್ದಲ್ವಾ?"

"ಹೌದು, ಅದಕ್ಕೇನೀಗ?"

"ಅವರ ಸ್ನೇಹಿತರು ಮನೇಗೆ ಬಂದು ಒಂದೆರಡು ಗುಟುಕು ಹಾಕಿದ್ಮೇಲೆ ಒಂದು ಮಾತು ಹೇಳಿ ನಗೋರು. ಹದಿನಾಲ್ಕು ಬಂದ್ರೆ ಐದನೇ ಸಾಲಲ್ಲಿ ಕಣ್ಣು ಮುಚ್ಕೊಂಡು ದಾಟ್ಬಿಡು ಅಂತ. ನಾನು ಕಾಲೇಜಿಗೆ ಸೇರಿದ ದಿನಾನೂ ಹೇಳಿದ್ರು. ಹಳೇ ಚೀಟಿ ನಮಗಿಲ್ಲವಲ್ಲ, ಏನೋ ತಮಾಷೆ ಅನ್ಕೊಂಡಿದ್ದೆ."

"ಎಲ್ಲರಿಗೂ ಗೊತ್ತಿತ್ತಾ?"

ತಿಹೊಮಿರ್ ಉತ್ತರಿಸಿದ. "ಹಾಸ್ಟೆಲಲ್ಲಿ ಗೋಡೆ ಮೇಲೇ ಬರ್ದಿತ್ತು ಮೇಡಂ. ನಂಗೂ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ..."

"ಕಣ್ಣು ಮುಚ್ಚೋಕಾಗ್ಲಿಲ್ಲ. ದೊಡ್ಡ ಧೈರ್ಯ ಅಂತೇನೂ ಅಲ್ಲ, ಇಪ್ಪತ್ತೆರಡು ವರ್ಷದ ಕೊಬ್ಬು. ನಿಮ್ಗೆ ಹೇಳಿದ್ರೆ ನೀವು ಬೆನ್ನು ತಟ್ತೀರಿ ಅನ್ಕೊಂಡಿದ್ದೆ." ಅವನು ಮೊದಲ ಬಾರಿ ನಕ್ಕ. "ವರ್ಷ ಹೋಯ್ತು, ಹಾಸ್ಟೆಲ್ ಹೋಯ್ತು. ಜೂನ್ ಪರೀಕ್ಷೆವರೆಗೆ ತಾನೇ ಅಂತ ಫ್ಯಾಕ್ಟರಿಗೆ ಸೇರ್ಕೊಂಡೆ."

ಮೇಜಿನ ಮೇಲೆ ಅವನ ಕಡತವಿತ್ತು. ನಿಯಮದಂತೆ ಕಚೇರಿಯವರು ಬೆಳಿಗ್ಗೆಯೇ ಕಳಿಸಿದ್ದರು. ಬಿಚ್ಚುವ ಧೈರ್ಯ ವಿದೊಸಾವಾಗೆ ಇರಲಿಲ್ಲ, ಬಿಚ್ಚದೆ ಇರಲೂ ಆಗಲಿಲ್ಲ. ಅಂಚು ಹಳದಿಯಾದ ಪರೀಕ್ಷಾ ಅರ್ಜಿ ಮೇಲೆಯೇ ಇತ್ತು. ಚೀಟಿ: 14. ಅಂಕ: 5, ಎಂದರೆ ನಪಾಸು. ಪರೀಕ್ಷಕರ ಅಭಿಪ್ರಾಯ: ಅಭ್ಯರ್ಥಿ ಎಡಗೈ ಬಳಸಿದ್ದಾನೆ, ಹೇಳಿದರೂ ಒಪ್ಪುವುದಿಲ್ಲ, ಉದ್ಧಟ. ಕೆಳಗೆ ದುಂಡಗಿನ, ಆತ್ಮವಿಶ್ವಾಸದ ಸಹಿ. ಈಗಲೂ ಅವರು ಹಾಕುವುದು ಅದೇ ಸಹಿ. ಉದ್ಧಟ ಎಂಬ ಪದದ ಕೆಳಗೆ ಗೆರೆ ಬೇರೆ ಎಳೆದಿದ್ದರು. ಅದನ್ನು ನೋಡುತ್ತಿದ್ದಂತೆ ಅವರಿಗೆ ಆ ಹುಡುಗ ನೆನಪಾಗಿಬಿಟ್ಟ. ತೆಳ್ಳಗೆ, ಹಲಗೆಯ ಮುಂದೆ ಬಲಗೈಯನ್ನು ಮತ್ತೆ ಮತ್ತೆ ತಿರುಗಿಸಿ ನೋಡಿಕೊಳ್ಳುತ್ತಿದ್ದ ಹುಡುಗ. ಹೊರಗೆ ಸರದಿಯಲ್ಲಿ ನಲವತ್ತು ಜನ ಕಾಯುತ್ತಿದ್ದರು ಎಂದು ಇವರಿಗೆ ಅವಸರವಿತ್ತು.

ಹೊರಗೆ ಕಾರಿಡಾರಿನಲ್ಲಿ ಯಾರೋ ಮಾಂಸ ತುಂಬಿ ಬೇಯಿಸಿದ ಬುರೆಕ್ ತಿನ್ನುತ್ತಿದ್ದ ವಾಸನೆ, ಹುಡುಗರ ಪಿಸುಮಾತು.

"ನೋಡಿ ತಿಹೊಮಿರ್," ಎಂದರು ಕೊನೆಗೆ ವಿದೊಸಾವಾ. ಬಾಯಿಗೆ ತಾನಾಗಿ ಬಹುವಚನ ಬಂದಿತ್ತು. "ಒಂದು ಕೆಲಸ ಮಾಡೋಣ. ಈ ಚೀಟಿ ಡಬ್ಬಿಗೆ ಹಾಕಿ. ಬೇರೆ ಯಾವುದಾದ್ರೂ ತೆಗೀರಿ, ಮೂರೋ ಒಂಬತ್ತೋ. ಉತ್ತರಾನೂ ಹೇಳ್ಬೇಡಿ. ಹತ್ತಕ್ಕೆ ಹತ್ತು ಹಾಕ್ತೀನಿ. ಇವತ್ತೇ ನೀವು ಎಂಜಿನಿಯರು."

"ಬೇಡ ಮೇಡಂ."

"ಯಾಕೆ?"

"ಆ ದೊಡ್ಡ ಪುಸ್ತಕದಲ್ಲಿ ಚೀಟಿ ನಂಬರ್ ಬರೀಬೇಕಲ್ವಾ? ಹದಿನಾಲ್ಕು ಅಂತ್ಲೇ ಬರೀರಿ."

ಹಳೆಯ ಪದ್ಧತಿಯ ದಾಖಲೆ ಪುಸ್ತಕ ಕೊಸಾರಾಳ ಮುಂದೆ ತೆರೆದಿತ್ತು. ಹೆಸರು, ಚೀಟಿ, ಚೀಟಿಯಲ್ಲಿ ಕೇಳಿದ್ದನ್ನು ಅಭ್ಯರ್ಥಿ ಸಾಧಿಸಿದನೋ ಇಲ್ಲವೋ, ಅಂಕ, ಸಹಿ. ಇವತ್ತು ಸಂಜೆ ಅದಕ್ಕೆ ಮೊಹರು ಬಿದ್ದು ರಾಜಧಾನಿಗೆ ಹೋಗುವುದಿತ್ತು. ಹದಿನಾಲ್ಕು ಎಂದು ಬರೆದರೆ ಮುಂದಿನ ಕಾಲಂನಲ್ಲಿ ಏನು ಬರೆಯುವುದು? ಸಾಧಿಸಿದ ಎಂದರೆ ಸುಳ್ಳು, ಅವನು ಸಾಧಿಸಿದ್ದು ಅದರ ವಿರುದ್ಧವನ್ನು. ಸಾಧಿಸಲಿಲ್ಲ ಎಂದರೆ ಮತ್ತೆ ನಪಾಸು. ನಿಜ ಬರೆಯಬೇಕೆಂದರೆ ಗುರುಗಳ ಪುಸ್ತಕ ತಪ್ಪು, ಕರಡು ನೋಡಿದವಳು ಕುರುಡಿ, ಕಣ್ಣು ಮುಚ್ಚಿದವರಿಗೆಲ್ಲ ಹತ್ತು ಕೊಟ್ಟು ಕಣ್ಣು ಬಿಟ್ಟವನಿಗೆ ಐದು ಕೊಟ್ಟೆ ಎಂದು ಬರೆದು ಸಹಿ ಹಾಕಬೇಕು. ಅದೂ ಆ ಪುಸ್ತಕದ ಕಟ್ಟಕಡೆಯ ಸಾಲಿನಲ್ಲಿ.

"ಹಟ ಮಾಡ್ಬೇಡಿ," ಎಂದರು. "ಡಿಗ್ರಿ ಬೇಕೋ ಬೇಡ್ವೋ ನಿಮಗೆ?"

"ಬೇಕು ಮೇಡಂ. ಬಹಳ ಬೇಕು." ತಿಹೊಮಿರ್ ಅಂಗಿಗೆ ಕೈ ಒರೆಸಿಕೊಂಡ. "ಹದಿನೆಂಟು ವರ್ಷದಿಂದ ಲಿಫ್ಟ್ ಸರಿ ಮಾಡ್ತಿದೀನಿ. ನಿಮ್ಮ ಈ ಕಟ್ಟಡದ್ದೂ ನಾನೇ ನೋಡ್ಕೊಳ್ಳೋದು. ಆದ್ರೆ ಸುರಕ್ಷಿತ ಅಂತ ಕಾಗದದ ಮೇಲೆ ಸಹಿ ಹಾಕೋನು ಝಿವೊತಾ. ಅವ್ನು ಎಂಜಿನಿಯರು. ಒಂದ್ಸಲಾನೂ ಗುಂಡಿಗೆ ಇಳಿದು ಹಗ್ಗ ನೋಡಿದೋನಲ್ಲ. ಕಾರಲ್ಲೇ ಕೂತು ಸಹಿ ಹಾಕ್ತಾನೆ. ನಮ್ಮ ಬ್ಯಾಚಿನೋನೇ ಅವ್ನು, ನಿಮ್ಗೆ ನೆನಪಿರಲ್ಲ. ಅದೇ ದಿನ, ನನ್ನ ಹಿಂದೇನೇ ಒಳಗೆ ಬಂದ. ಅವ್ನಿಗೂ ಹದಿನಾಲ್ಕೇ ಬಂತು. ಹತ್ತು ಹಾಕಿದ್ರಿ."

ವಿದೊಸಾವಾ ಕಣ್ಣು ಮುಚ್ಚಿಕೊಂಡರು. ದಿನಾ ಹತ್ತಿ ಇಳಿಯುವ ಲಿಫ್ಟಿನ ಗಾಜಿನ ಚೌಕಟ್ಟಿನಲ್ಲಿ ಆ ಸಹಿ ಅವರೂ ನೋಡಿದ್ದರು.

"ನಂದೂ ಸಹಿ ಬೇಕು ನಂಗೆ," ಎಂದ ತಿಹೊಮಿರ್. "ಆದ್ರೆ ಅವನ ಥರ ಬೇಡ. ನೀವು ಬೇರೆ ಚೀಟಿ ಅಂತ ಬರ್ದು ಹತ್ತು ಹಾಕಿದ್ರೆ ನಾನೂ ಐದನೇ ಸಾಲಲ್ಲಿ ಕಣ್ಣು ಮುಚ್ದಂಗಾಯ್ತು. ಅಷ್ಟಕ್ಕೆ ಇಪ್ಪತ್ತೊಂದು ವರ್ಷ ಯಾಕೆ ಕಾಯ್ಬೇಕಿತ್ತು? ಆಗಲ್ಲ ಅಂದ್ರೆ ಹೇಳ್ಬಿಡಿ, ಹೋಗ್ತೀನಿ. ಹುಡುಗ್ರು ವ್ಯಾನಲ್ಲಿ ಕಾಯ್ತಿದಾರೆ."

ಅವನು ನಿಜವಾಗಿಯೂ ಅಂಕಪುಸ್ತಕಕ್ಕೆ ಕೈ ಚಾಚಿದ. ಆ ಕೈ ಅದನ್ನು ಎತ್ತಿಕೊಂಡು ಬಾಗಿಲು ದಾಟಿದರೆ ಮುಗಿಯಿತು, ಅವನಿಗೂ, ಇವರಿಗೂ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೂರು ತಿಂಗಳಿಗೆ ಹಿತ್ತಾಳೆ ಫಲಕ ಗೋಡೆ ಏರುತ್ತದೆ, ಭಾಷಣ, ಹೂಗುಚ್ಛ. ಆ ಯೋಚನೆ ತಮಗೆ ಬಂತಲ್ಲ ಎಂಬುದೇ ವಿದೊಸಾವಾರನ್ನು ಇನ್ನೊಮ್ಮೆ ದಿಗಿಲುಗೊಳಿಸಿತು.

"ಪುಸ್ತಕ ಈ ಕಡೆ ತಾ," ಎಂದರು ಕೊಸಾರಾಗೆ.

ಬರೆಯತೊಡಗಿದರು. ಹೆಸರು. ಚೀಟಿ: 14. ಮುಂದಿನ ಕಾಲಂ ಎರಡು ಬೆರಳಗಲ ಇತ್ತು, ಅವರು ಬರೆದದ್ದು ಅದರಲ್ಲಿ ಹಿಡಿಸಲಿಲ್ಲ, ಅಂಚಿಗೆ ಹೋಗಿ ಕೆಳಕ್ಕೆ ಇಳಿಯಿತು. ಚೀಟಿಯಲ್ಲಿರುವ ಹೇಳಿಕೆ ತಪ್ಪು. ಅದು ತಪ್ಪೆಂದು ಅಭ್ಯರ್ಥಿ ಘಟಕಗಳ ಮೂಲಕ ಸಾಧಿಸಿ ತೋರಿಸಿದ್ದಾನೆ. ಇದೇ ಅಭ್ಯರ್ಥಿ ಇಪ್ಪತ್ತೊಂದು ವರ್ಷದ ಹಿಂದೆ ಇದನ್ನೇ ಹೇಳಿದ್ದ. ಆಗ ಅವನನ್ನು ನಪಾಸು ಮಾಡಿದ ಪರೀಕ್ಷಕಿ ನಾನೇ. ಇಲ್ಲಿಗೆ ಬಂದು ಪೆನ್ನು ನಿಂತಿತು. ಇನ್ನೇನೋ ಬರೆಯುವುದಿದೆ ಎನ್ನಿಸಿತು, ಪದ ಸಿಗಲಿಲ್ಲ. ಅಂಕ: 10. ಸಹಿ ಮಾಡಿದರು. ಅಂಕಪುಸ್ತಕದ ಉಳಿದಿದ್ದ ಒಂದೇ ಖಾಲಿ ಸಾಲಿನಲ್ಲೂ ಮಾಡಿದರು. ಎರಡೂ ಕಡೆ ಸಹಿ ಸೊಟ್ಟಗಾಗಿತ್ತು.

ತಿಹೊಮಿರ್ ನಿಂತಲ್ಲೇ ಓದಿದ. ಎರಡು ಸಲ ಓದಿದ. ಶಾಯಿಯ ಮೇಲೆ ಉಫ್ ಎಂದು ಊದಿ ಅಂಕಪುಸ್ತಕವನ್ನು ಎದೆಯ ಜೇಬಿಗೆ ಇಳಿಸಿದ. ಮೇಜಿನ ಮೇಲಿಂದ ಕೈ ಚಾಚಿದ. ಬಲಗೈ. ಕೈಕುಲುಕುವುದು ಬಲಗೈಯಲ್ಲಿ ತಾನೇ.

ವಿದೊಸಾವಾ ಎದ್ದು ನಿಂತು ಹಿಡಿದರು. ಹೆಬ್ಬೆರಳು ಬಂದು ತಬ್ಬಬೇಕಾದ ಕಡೆ ಏನೂ ಬರಲಿಲ್ಲ. ಅವರ ಕೈ ಅಲ್ಲಿ ಜಾರಿತು. ಮೂರು ಬೆರಳು ಮಾತ್ರ ಗಟ್ಟಿಯಾಗಿ, ಬಿಸಿಯಾಗಿ ಒತ್ತಿದವು.

"ಬರ್ತೀನಿ ಮೇಡಂ. ಲಿಫ್ಟು ಎರಡನೇ ಮಹಡೀಲಿ ಸ್ವಲ್ಪ ಜರ್ಕ್ ಹೊಡೀತಿದೆ. ಸೋಮವಾರ ಬಂದು ನೋಡ್ತೀನಿ."

ಬಾಗಿಲು ಮುಚ್ಚಿತು. ಕೆಳಗೆ ಅಂಗಳದಲ್ಲಿ ಯಾರೋ ಕೂಗಿದರು, ವ್ಯಾನಿನ ಹಾರ್ನು ಒಂದೇ ಸಮ ಮೊಳಗಿತು. ನಗು, ಚಪ್ಪಾಳೆ. ಕೊಸಾರಾ ಕಿಟಕಿಯತ್ತ ಹೋಗಿ ಬಗ್ಗಿ ನೋಡಿ, ಕಣ್ಣೊರೆಸಿಕೊಂಡು ವಾಪಸು ಬಂದಳು. ಹೋಗುವಾಗಲೂ ಬರುವಾಗಲೂ ಕಾಗದ ಸುತ್ತಿದ ಫಲಕವನ್ನು ದಾಟಿಕೊಂಡು ನಡೆದಳು. ವಿದೊಸಾವಾ ನಿಂತೇ ಇದ್ದರು. ಹಲಗೆ ಒರೆಸಲೇ ಎಂದು ಕೊಸಾರಾ ಕೇಳಿದ್ದಕ್ಕೆ ಬೇಡ ಎಂದು ತಲೆಯಾಡಿಸಿದರು.

"ಮುಂದಿನೋರನ್ನ ಕರೀಲಾ ಮೇಡಂ? ಇನ್ನೂ ಹನ್ನೊಂದು ಜನ ಇದಾರೆ."

ಕೊಸಾರಾ ಬಾಗಿಲು ತೆರೆದು ಒಂದು ಹೆಸರು ಕೂಗಿದಳು. ಹತ್ತೊಂಬತ್ತರ ಒಬ್ಬ ಹುಡುಗಿ ಒಳಗೆ ಬಂದಳು. ಕೈಯಲ್ಲಿದ್ದ ಪೆನ್ನನ್ನು ಎಲ್ಲರೂ ಹೇಳಿಕೊಟ್ಟಿದ್ದಂತೆ ಮೊದಲು ಕೆಳಗಿಟ್ಟಳು. ಯಾರೂ ಕೇಳುವ ಮೊದಲೇ ಬಲಗೈ ಎತ್ತಿ, ಮೂರು ಬೆರಳನ್ನೂ ಬಿಡಿಸಿ, ಉಸಿರು ಹಿಡಿದು ನಿಂತಳು.

ವಿದೊಸಾವಾ ಹಲಗೆಯ ಐದನೇ ಸಾಲಿನಿಂದ ಕಣ್ಣು ತೆಗೆದಿರಲಿಲ್ಲ, ಇಳಿಸು ಎಂದು ಯಾರೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕೈ ಸೋಲತೊಡಗಿತು. ಹುಡುಗಿ ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡು ಹಾಗೇ ನಿಂತಿದ್ದಳು.